ಮುನಿಸುಗೊರಳು

ಕಾಂಗರೂ ದ್ವೀಪ, ಪೆನೆಶಾ ಊರು, ಹಡಗುಕಟ್ಟೆಯ ಮೇಲಿನ ಬಾಡಿಗೆ ಕೋಣೆ.
ಆರಿದ ಚಹಾ. ಹತ್ತು ಪಟ್ಟಿನ ಮಸೂರ.
ಹಳೇ ಪತ್ರಿಕೆಯ ಕ್ರೀಡಾಪುಟದ ನಡುವೆ
ಅಪ್ಪಚ್ಚಿಯಾಗಿ ಮಲಗಿದೆ
ಗೇಣುದ್ದವೂ ಇಲ್ಲದ ಗಿಡ.

ಕಾಡು ಸುಟ್ಟ ಮೂರನೆಯ ಚಳಿಗಾಲ
ಬೂದಿ ಸರಿಸಿ ಎದ್ದಿತಂತೆ.
ಬಿಸ್ಕತ್ತಿನ ಡಬ್ಬಿಯಲ್ಲಿ ತಂದವಳು ಎನಿಡ್ ಟ್ರೆಗೆನ್ಜಾ,
ಎಪ್ಪತ್ತೊಂದರ ಹರೆಯ,
ಕುರಿಬೇಲಿಗೆ ತಂತಿ ಬಿಗಿಯಲು ಹೋದವಳು.

ಎಣಿಸುತ್ತೇನೆ. ಎಣಿಸುವುದೇ ನನ್ನ ಕಸುಬು.
ಎಸಳು ಐದು.
ಕೇಸರ ಹತ್ತು, ಅದರಲ್ಲಿ ಮೂರು ಬರಡು.
ಎಲೆಯಂಚು ಹಿಂದಕ್ಕೆ ಸುರುಳಿ.
ಎಲೆಯ ಬೆನ್ನಿಗೆ ರೋಮ:
ಇಲ್ಲಿ ಅರ್ಧ ದಿನ ಸಿಕ್ಕಿಬಿದ್ದೆ.
ರೋಮಕ್ಕೆ ಲ್ಯಾಟಿನ್ನಿನಲ್ಲಿ ಮೂವತ್ತು ಪದ,
ಒಂದೂ ಸರಿಯಾಗಿ ಕೂರಲಿಲ್ಲ.
ಬೆರಳಿಗೆ ಮಾತ್ರ ಗೊತ್ತಿತ್ತು,
ಎಳೆ ಬೆಂಡೆಕಾಯಿಯ ಸುಂಕು.
ಹಾಗೆ ಬರೆಯುವಂತಿಲ್ಲ.
ಬರೆದೆ: ಬಿಡಿಬಿಡಿ, ನೆಟ್ಟಗೆ, ಮಿಲಿಮೀಟರಿನ ಮೂರನೇ ಒಂದು.

ಹೊಸಬಳ ಪರಿಚಯ ಹೇಳುವುದೆಂದರೆ
ನೆಂಟರ ಜೊತೆ ಜಗಳ ತೆಗೆದ ಹಾಗೆ:
ಆಚೆ ದಡದ ಅಕ್ಕನಂತಲ್ಲ ಇವಳು, ತೊಟ್ಟು ಉದ್ದ.
ಜವುಗಿನ ಚಿಕ್ಕಮ್ಮನಂತೆಯೂ ಅಲ್ಲ, ಬೀಜದಲ್ಲಿ ಗುಳಿ.
ಅವರಿಬ್ಬರಲ್ಲೂ ಇಲ್ಲದ್ದನ್ನೆಲ್ಲ
ಒಂದೊಂದೇ ಆರಿಸಿ ಇವಳ ಉಡಿಗೆ ತುಂಬುತ್ತೇನೆ.

ಉಳಿದಿರುವುದು ಎಂಟು, ತೊರೆಯ ತಿರುವಿನಲ್ಲಿ.
ಒಂಬತ್ತನೆಯದು ಈ ಹಾಳೆ.
ಹೆಸರಿಗೊಂದು ಹೆಣ ಬೇಕು, ಅದು ನಮ್ಮ ಶಾಸ್ತ್ರದ ಕಾನೂನು
ಅಂದೆ. ಎನಿಡ್ ಬೂಟಿನ ಕೆಸರು ಕೆರೆಯುತ್ತ,
"ನನ್ನ ಕುರಿಗಳೂ ತಿನ್ನುತ್ತವೆ,
ಆದರೆ ಹೀಗೆ ನೆಪ ಹೇಳುವುದಿಲ್ಲ."

ಆಮೇಲೆ ಮಸೂರಕ್ಕೆ ಕಣ್ಣಿಟ್ಟು
ಬಹಳ ಹೊತ್ತು ಸುಮ್ಮನಿದ್ದಳು.
"ಹೂವನ್ನು ಮೇಲಕ್ಕೆ ತಿರುಗಿಸಿದ್ದೀಯ."
ಎಸಳು ಎಣಿಸಲು, ಅಂದೆ.
"ಇದು ತಲೆ ಎತ್ತುವುದೇ ಇಲ್ಲ.
ನನಗೆ ಒಂಬತ್ತಾದಾಗ ಬಿದ್ದ ಬೆಂಕಿಯ ಮಾರನೇ ವರ್ಷ
ತೊರೆಯುದ್ದಕ್ಕೂ ಇದೇ ಇತ್ತು.
ಅಮ್ಮ ಇದಕ್ಕೆ ಮುನಿಸಿನವಳು ಅನ್ನುತ್ತಿದ್ದಳು.
ನನ್ನನ್ನೂ ಹಾಗೇ ಕರೆಯುತ್ತಿದ್ದಳು,
ಕತ್ತು ಬಗ್ಗಿಸಿ ಕೂತಾಗ."

ಅರವತ್ತೆರಡು ವರ್ಷ ಮಣ್ಣಿನಲ್ಲಿ
ಮುನಿಸು ಬಿಡದೆ ಮಲಗಿತ್ತೇ ಬೀಜ?
'ಹಿಂದಿನ ದಾಖಲೆ' ಎಂಬಲ್ಲಿ ಆಗಲೇ ಬರೆದಿದ್ದೆ: ಇಲ್ಲ.
ಹೊಡೆದು ಹಾಕಿದೆ. ಬದಲಿಗೆ ಏನು ಬರೆಯಲಿ?
ಒಬ್ಬ ತಾಯಿಯ ಬೈಗುಳಕ್ಕೆ
ನಮೂನೆಯಲ್ಲಿ ಕಾಲಂ ಇಲ್ಲ.

ಕನ್ನಡದಲ್ಲಿ ಹೆಸರು ತಾನಾಗಿ ಬಂತು, ಮುನಿಸುಗೊರಳು.
ಲ್ಯಾಟಿನ್ ಇನ್ನೂ ಹುಡುಕಬೇಕು.
ಒಣಗಿದ ತೊಟ್ಟನ್ನು ಬಗ್ಗಿಸಹೋದರೆ ಮುರಿದೀತು.
ಸ್ಥಳ: ಗುಟ್ಟು.
ಷರಾ: ಹೂ ಜೀವಂತವಿದ್ದಾಗ ನೆಲ ನೋಡುತ್ತದೆ,
ಎ. ಟ್ರೆಗೆನ್ಜಾ ಕಂಡಂತೆ,
ಎರಡು ಸಲ.