ಸುಣ್ಣದಡಿಯ ಬಕ

ಮೊದಲು ಕಂಡದ್ದು ಬೂಟು.
ಕೈವಾರದ ಆಚೆ, ನೇಕಾರರ ಕೇರಿಯ ಹಳೇ ಮಂಟಪದಲ್ಲಿ
ಪದರ ಪದರ ಸುಣ್ಣ ಕೆರೆದು
ಕೂದಲೆಳೆಯಷ್ಟು ತಾಳ್ಮೆ ಉಳಿದಿದ್ದಾಗ
ಬಕಾಸುರನ ಕಾಲಿಗೆ ಬೂಟು.

ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರು ನಾನು,
ಮಕ್ಕಳು ಬರೆದ ಬಕನಿಗೆ ಹಲ್ಲು ತಿದ್ದಿದವನು,
ಬೂಟು ಹಾಕಿದ ರಕ್ಕಸನನ್ನು ಕಂಡವನಲ್ಲ.
ಏಣಿ ಹಿಡಿದ ಕೊಂಡಮ್ಮ ಕೆಳಗಿಂದ ಕೂಗಿದಳು:
"ಹಂಗಾದ್ರೆ ಮ್ಯಾಲೆ ಟೋಪೀನೂ ಇರ್ಬೇಕು, ನೋಡಿ ಸಾರ್."
ಇತ್ತು.

ಈ ಸೀಮೆಗೆ ಬಕ ಹೊಸಬನಲ್ಲ.
ಇದೇ ಏಕಚಕ್ರ ಅಂತಾರೆ, ಈ ಬೆಟ್ಟದಡಿಯೇ ಅವನನ್ನು ತುಳಿದದ್ದು ಅಂತಾರೆ.
ದಿನಕ್ಕೊಂದು ಮನೆ, ಬಂಡಿ ಅನ್ನ, ಜೋಡಿ ಕೋಣ, ಜೊತೆಗೊಂದು ಆಳು:
ಲೆಕ್ಕ ಎಲ್ಲರಿಗೂ ಬಾಯಿಪಾಠ.

ಈ ಬಂಡಿಯಲ್ಲಿ ಅನ್ನವಿಲ್ಲ.
ಕುಳಿಯಿಂದ ಕಿತ್ತ ಮಗ್ಗದ ಕಂಬ,
ಅರ್ಧ ನೇಯ್ದು ನಿಂತ ಕೆಂಪಂಚಿನ ಸೀರೆ,
ಕಂಡಿಕೆ ತುಂಬಿದ ಬುಟ್ಟಿ.
ಕೋಣಗಳ ತಲೆಗೆ ಪೇಟ, ಕಿವಿಯ ಸಂದಿಯಲ್ಲಿ ಲೇಖಣಿ.
ಶೇಕದಾರನನ್ನು ಬಲ್ಲವರಿಗೆ ಗುರುತು ಸಿಕ್ಕಿರಬೇಕು.

ಮಗ್ಗವೊಂದಕ್ಕೆ ಇಷ್ಟು ಅಂತ ತೆರಿಗೆ.
ನೇಯ್ದರೂ ಕೊಡು, ಹಾಸು ಧೂಳು ತಿಂದರೂ ಕೊಡು,
ನೇಯುವವನು ಮಣ್ಣಾದ ಮನೆಯ
ಬರೀ ಕುಳಿಗೂ ಕೊಡು.

ಓಬಳಯ್ಯ ಅಂತ ಇಟ್ಟುಕೊಳ್ಳೋಣ ಬರೆದವನ ಹೆಸರು.
ಸಹಿ ಹಾಕಿಲ್ಲ, ಹಾಕುವಷ್ಟು ದಡ್ಡನಲ್ಲ.
ಕೂಲಿ ಕೊಟ್ಟದ್ದು ಶೇಕದಾರನೇ ಇರಬಹುದು, ಪುಣ್ಯಕ್ಕೆ,
"ಭಾರತದ ಕತೆ ಬರಿಯಯ್ಯ" ಅಂದಿರಬಹುದು.
ಬರೆದ. ಕೆಮ್ಮಣ್ಣು, ದೀಪದ ಕಾಡಿಗೆ,
ಬಣ್ಣದವರ ಗುಡಾಣದ ತಳದಲ್ಲುಳಿದ ನೀಲಿ.

ಬಡವನ ಕೋಪ ದವಡೆಗೆ ಮೂಲ.
ಯಾರ ದವಡೆಗೆ ಅಂತ ಗಾದೆ ಹೇಳಲಿಲ್ಲವಲ್ಲ!
ಬಕನ ತೆರೆದ ಬಾಯಲ್ಲಿ
ಮೇಲಕ್ಕೂ ಕೆಳಕ್ಕೂ ಚುಚ್ಚಿ ನಿಂತಿದೆ ಒಂದು ಲಾಳಿ.
ನುಂಗಲಾರ. ಉಗುಳಲಾರ.
ಅದರ ನೂಲು ಇಳಿದು ಇಳಿದು
ಬಂಡಿಯ ಹಿಂದೆ ನಡೆಯುವ ಹೆಂಗಸಿನ ಬೆರಳಿಗೆ ಸುತ್ತಿದೆ.
ಅವಳು ಅಳುತ್ತಿಲ್ಲ. ಎಳೆಯುತ್ತಿದ್ದಾಳೆ.

ಯಾರೋ ಒಬ್ಬರು ಜೋರಾಗಿ ನಕ್ಕಿರಬೇಕು,
ಸುದ್ದಿ ಕಛೇರಿ ಮುಟ್ಟಿರಬೇಕು.
ಸುಣ್ಣ ಬಳಿಸಿದರು.
ಬಳಿದ ಖರ್ಚನ್ನೂ ಕೇರಿಯ ಮೇಲೇ ಹೊರಿಸಿರುತ್ತಾರೆ,
ಕಡತ ಸಿಕ್ಕಿಲ್ಲ ನನಗೆ, ಆದರೂ ಬಲ್ಲೆ.
ಆ ಸುಣ್ಣವೇ ಕಾಯಿತು ಬಣ್ಣವನ್ನು
ಹೊಗೆಯಿಂದ, ಬಾವಲಿಯಿಂದ,
ಹೆಸರು ಕೆತ್ತುವ ನಮ್ಮ ಹುಡುಗರ ಮೊಳೆಯಿಂದ.

ನಾಲ್ಕು ದಿನ ಭೀಮನನ್ನು ಹುಡುಕಿದೆ.
ಬಂಡಿಯ ಮೂಕಿಯ ಮೇಲೆ, ಅವನು ಕೂರಬೇಕಾದಲ್ಲಿ,
ಬರೀ ಗಾರೆ.
ಅಳಿಸಿದ್ದಲ್ಲ. ಕೆಮ್ಮಣ್ಣಿನ ಒಂದು ಗೆರೆಯೂ ಇಲ್ಲ.
ಒಂದಾಳು ಹಿಡಿಸುವಷ್ಟು ಜಾಗ ಬಿಟ್ಟು
ಓಬಳಯ್ಯ ಅಟ್ಟಣೆಯಿಂದ ಇಳಿದು ಹೋಗಿದ್ದಾನೆ.

"ಅಲ್ಲಿ ನೀವೇನಾದ್ರೂ ಬರೀತೀರಾ?"
ಕೊಂಡಮ್ಮ ಕೇಳಿದಳು.
ಕುಂಚ ಚೀಲದಲ್ಲೇ ಇತ್ತು.
ನಾನು ಬೂಟಿನ ಮೇಲಿನ ಧೂಳು ಊದಿದೆ.