ಒದ್ದೆ ಜಾಗ

ಸೋಮವಾರ ರಜೆ ಅಂತ ಬಾಗಿಲಿಗೆ ಬೋರ್ಡಿದೆ,
ಆದರೂ ಪೆಟ್ಟಿಗ್ರೂ ಒಳಗೆ ಬಿಡುತ್ತಾನೆ.
ಡೇಟನ್ನಿನ ಮೂರನೇ ಬೀದಿ. ಹಿಮ ಕರಗಿ ಹೊರಗೆ ರಾಡಿ,
ಒಳಗೆ ಮೂರು ಕುರ್ಚಿ, ಒಂದರ ತಿರುಗಣಿ ಕೆಟ್ಟಿದೆ.
ನನ್ನ ಕೊರಳಿಗೆ ಬಟ್ಟೆ ಸುತ್ತುವ ಹೊತ್ತಿಗಾಗಲೇ
ಜಗಳ ಕುದಿ ಬಂದಿತ್ತು.

"ಕ್ವಿಂಟನ್ ಮೇಬೆರಿಗೆ ಡಿಫೆನ್ಸ್ ಬರೋಲ್ಲ ಅನ್ನೋನು
ಆಟ ನೋಡಿಲ್ಲ, ಹೈಲೈಟ್ಸ್ ನೋಡಿದ್ದಾನೆ."
ಬಸ್ಸು ಓಡಿಸುವ ವರ್ನೀಟಾ, ಅಂಗೈಗೆ ಬೆರಳು ಕುಟ್ಟಿ.
"ಮೂವತ್ತು ಪಾಯಿಂಟು ಹಾಕೋನ ಕೈ ಎಲ್ಲರಿಗೂ ಕಾಣುತ್ತೆ.
ಕಾಲು? ಕಾಲು ಯಾರು ನೋಡ್ತಾರೆ?"

ಅಂಚೆಯ ಲೂಥರ್ ಜೇಬಿನಿಂದ ಚೀಟಿ ತೆಗೆದ.
ಅವನ ಬಳಿ ಯಾವಾಗಲೂ ಒಂದು ಚೀಟಿ ಇರುತ್ತದೆ.
ಎದುರಾಳಿ ಎಸೆದದ್ದೆಷ್ಟು, ಬುಟ್ಟಿಗೆ ಬಿದ್ದದ್ದೆಷ್ಟು,
ಮೇಬೆರಿ ಅಡ್ಡ ನಿಂತಾಗ ಶೇಕಡಾ ಇಷ್ಟು,
ಬೆಂಚಲ್ಲಿ ಕೂತಾಗ ಇಷ್ಟು.
ವ್ಯತ್ಯಾಸ, ಅಂದ, ಎಳ್ಳುಕಾಳಿನಷ್ಟು.
"ಹಿಂದೆ ಏಳಡಿಯ ಆ ಸೆಂಟರ್ ನಿಂತಿದ್ದಾನಲ್ಲ,
ಬೇಲಿ ಗಟ್ಟಿ ಇದ್ದರೆ ನಾಯಿ ಮಲಗಿದರೂ ನಡೆಯುತ್ತೆ."

"ನಾಯಿ ಅಂದೆಯಾ!" ವರ್ನೀಟಾ ಎದ್ದೇ ಬಿಟ್ಟಳು.

ಪೆಟ್ಟಿಗ್ರೂ ಕತ್ತರಿಯನ್ನು ಗಾಳಿಯಲ್ಲೇ ನಿಲ್ಲಿಸಿ
ಕನ್ನಡಿಯೊಳಗಿನ ನನಗೆ ಹೇಳಿದ:
"ಎಲೆಮರೆಯ ಕಾಯಿ ಅನ್ನೋಕೆ ಮರದ ತುಂಬ ಅವನೇ ಇದ್ದಾನೆ.
ಬ್ಯಾಂಕಿನ ಗೋಡೆಯ ಮೇಲೆ, ಸೋಡಾ ಡಬ್ಬಿಯ ಮೇಲೆ,
ನನ್ನ ಮೊಮ್ಮಗನ ಚಡ್ಡಿಯ ಮೇಲೂ.
ಇಷ್ಟು ಹೊಗಳಿಸಿಕೊಂಡವನಿಗೆ
ಇನ್ನೂ ಒಂದು ಹೊಗಳಿಕೆ ಬಾಕಿ ಅಂದರೆ ಯಾವ ನ್ಯಾಯ?"

ನಾನು ಸುಮ್ಮನಿದ್ದೆ.
ನನ್ನ ಕೆಲಸ ಬುಟ್ಟಿಯ ಕೆಳಗೆ, ಮಂಡಿಯೂರಿ, ಟವೆಲ್ಲು ಹಿಡಿದು.
ಯಾರಾದರೂ ಬಿದ್ದರೆ ಓಡಬೇಕು, ಬೆವರು ಒರೆಸಬೇಕು,
ಸೀಟಿ ಊದುವ ಮೊದಲು ವಾಪಸಾಗಬೇಕು.
ಆರು ವರ್ಷ. ಆಟವನ್ನು ನಾನು ನೆಲದಿಂದ ಬಲ್ಲೆ.

ಎಡಮೂಲೆಯ ಗೆರೆಯ ಬಳಿ ಒಂದು ಭುಜದ ಗುರುತು,
ಪಕ್ಕಕ್ಕೆ ಮೊಣಕೈ, ಕೆಳಗೆ ಜಾರಿದ ಸೊಂಟ.
ತನಗಿಂತ ಮೂವತ್ತು ಕಿಲೋ ಜಾಸ್ತಿಯವನು
ನುಗ್ಗಿ ಬರುವ ದಾರಿಗೆ ಮೊದಲೇ ಹೋಗಿ
ಎದೆ ಕೊಟ್ಟವನ ಅಚ್ಚು.
ಕಳೆದ ಶುಕ್ರವಾರ ಅದೇ ಜಾಗ ನಾಲ್ಕು ಸಲ ಒರೆಸಿದೆ.
ಕಬಡ್ಡಿಯಲ್ಲಾದರೆ ಕಾಲು ಹಿಡಿದು ಬಿದ್ದವನಿಗೂ ಅಂಕ.
ಇಲ್ಲಿ ಟವೆಲ್ಲು.

ಸುಳ್ಳು ಹೇಳಬಾರದು. ಸ್ಕ್ರೀನಿಗೆ ಸಿಕ್ಕಿ
ಬಾಗಿಲಿಗೆ ಬೆರಳು ಸಿಕ್ಕವನಂತೆ ನಿಂತದ್ದನ್ನೂ ನೋಡಿದ್ದೇನೆ,
ಕೊನೆಯ ಹತ್ತು ಸೆಕೆಂಡಲ್ಲಿ ಹತ್ತೊಂಬತ್ತರ ಹುಡುಗನೊಬ್ಬ
ಇವನ ಕಂಕುಳ ಕೆಳಗಿಂದಲೇ ನುಸುಳಿ ಹೋದದ್ದನ್ನೂ.
ಆ ಸಲ ಒರೆಸಲು ಏನೂ ಇರಲಿಲ್ಲ.

ಇಷ್ಟು ಹೇಳಿದೆ. ಲೂಥರ್ ನಕ್ಕ:
"ಬೆವರಿಗೆ ಕಾಲಂ ಇಲ್ಲ ಕಣಯ್ಯ."
ನಾನು ತನ್ನ ಕಡೆಯೋ ಅವನ ಕಡೆಯೋ
ವರ್ನೀಟಾಳಿಗೆ ತಿಳಿಯಲಿಲ್ಲ. ನನಗೂ.

ಒಂದನ್ನು ಹೇಳಲಿಲ್ಲ.
ಜನವರಿಯಲ್ಲಿ, ಟೈಮ್‌ಔಟ್ ಮುಗಿದು ಎಲ್ಲರೂ ಜಾಗಕ್ಕೆ ಮರಳಿ,
ಚೆಂಡು ಇನ್ನೂ ರೆಫರಿಯ ಕೈಯಲ್ಲಿದ್ದಾಗ
ಮೇಬೆರಿ ಕೈಯೆತ್ತಿ ನಿಲ್ಲಿಸಿದ.
ನನ್ನತ್ತ ತಿರುಗಿ ಶೂ ತುದಿಯಿಂದ ನೆಲ ತೋರಿಸಿದ:
ನಾನು ಬಿಟ್ಟುಬಿಟ್ಟ ಒಂದು ಹನಿ, ಕಾಸಿನಗಲ,
ಅವನ ದಾರಿಯಲ್ಲಲ್ಲ, ಎದುರಾಳಿಯ ದಾರಿಯಲ್ಲಿ.
ಓಡಿ ಹೋಗಿ ಒರೆಸಿದೆ.
ಮರುಕ್ಷಣ ಆ ಎದುರಾಳಿ ಅಲ್ಲೇ ಕಾಲೂರಿ, ತಿರುಗಿ,
ಇವನನ್ನು ದಾಟಿ ಬುಟ್ಟಿಗೆ ಹಾಕಿದ.
ಲೂಥರನ ಚೀಟಿಯಲ್ಲಿ ಅದೂ ಇರಬೇಕು,
ಮೇಬೆರಿಯ ಹೆಸರಿನ ಮುಂದೆ, ಎರಡು ಅಂಕದ ಸಾಲ.

"ಕಿವಿಯ ಮೇಲೆ ಎಷ್ಟು ಬಿಡಲಿ?" ಪೆಟ್ಟಿಗ್ರೂ ಕೇಳಿದ.
ಬೆರಳಲ್ಲಿ ತೋರಿಸಿದೆ.
ಕುರ್ಚಿಯ ಸುತ್ತ ನನ್ನ ಕೂದಲು,
ಇನ್ನೂ ಯಾರೂ ಗುಡಿಸಿರಲಿಲ್ಲ.