ಮೂಲ ಎಂಬ ಕಾಲಂ

ನನ್ನ ವರದಿಯ ನಮೂನೆಯಲ್ಲಿ ಒಂಬತ್ತು ಕಾಲಂ.
ಎಂಟು ಸಲೀಸು: ವಿಳಾಸ, ಮಹಡಿ, ಕೋಣೆ,
ಬದುಕಿದ್ದೆಷ್ಟು, ಸತ್ತದ್ದೆಷ್ಟು, ಮೊಟ್ಟೆ,
ಕಳಚಿದ ಪೊರೆ, ಹಿಕ್ಕೆಯ ಚುಕ್ಕೆ.
ಒಂಬತ್ತನೆಯದು, ಮೂಲ.

ನದಿಮೂಲ, ಋಷಿಮೂಲ ಕೇಳಬಾರದು ಅನ್ನುತ್ತಾರೆ.
ತಿಗಣೆಯ ಮೂಲ ಮಾತ್ರ
ಕದ ತೆರೆಯುವ ಮೊದಲೇ ಕೇಳುತ್ತಾರೆ.

"ಅವಳೇ ತಂದದ್ದು," ಅಂದ ಅದೆಲಿನೊ ಫುರ್ತಾದು,
ಕಬ್ಬಿಣದ ಸುರುಳಿ ಮೆಟ್ಟಿಲ ಬುಡದಲ್ಲೇ ನನ್ನ ತಡೆದು.
"ಮೂವತ್ತೊಂದು ವರ್ಷ, ಈ ಮನೆಯಲ್ಲಿ
ಒಂದು ಇರುವೆ ಕಂಡವನಲ್ಲ.
ಜುಲೈ ಒಂದಕ್ಕೆ, ಮಾಂಟ್ರಿಯಾಲಿಗೆ ಮಾಂಟ್ರಿಯಾಲೇ ಮನೆ ಬದಲಿಸುವ ದಿನ,
ಬೀದಿಯ ಸೋಫಾ ಹೊತ್ತು ತಂದಳು."

ಮೇಲೆ, ಮಿರ್ಲಾಂದ್ ಮಾತೇ ಆಡಲಿಲ್ಲ.
ಉಪ್ಪಿನಕಾಯಿಯ ಖಾಲಿ ಬಾಟಲಿ ಮೇಜಿನ ಮೇಲಿಟ್ಟಳು.
ಒಳಗೆ ಹದಿನೇಳು, ಒಂದೊಂದೂ ಅಂಟುಪಟ್ಟಿಗೆ ಒತ್ತಿ,
ಪಕ್ಕದಲ್ಲಿ ತಾರೀಖು, ಗಂಟೆ,
ಮಗನ ಮೈಯ ಯಾವ ಭಾಗ ಎಂಬುದೂ.
ಮಣಿಕಟ್ಟು. ಕಿವಿಯ ಹಿಂದೆ. ಮತ್ತೆ ಮಣಿಕಟ್ಟು.
ಆಮೇಲೆ ರಿಜಿಸ್ಟರ್ಡ್ ಅಂಚೆಯ ಮೂರು ರಸೀದಿ.
"ನಾಲ್ಕನೆಯದಕ್ಕೆ ನ್ಯಾಯಮಂಡಳಿಯ ವಿಳಾಸ ಬರೆದಿದ್ದೇನೆ.
ಬರೆದು ಇಟ್ಟಿದ್ದೇನೆ. ಅಷ್ಟೇ."

ಸೋಫಾ ಮಗುಚಿ ನೋಡಿದೆ. ಇದ್ದವು.
ಸ್ವಿಚ್ಚಿನ ಮುಚ್ಚಳ ಬಿಚ್ಚಿದೆ. ಇದ್ದವು.
ಗೋಡೆಯಂಚಿನ ಹಲಗೆಯ ಸಂದಿಗೆ ಟಾರ್ಚು ಹಿಡಿದೆ:
ಸಾಸಿವೆ ಚೆಲ್ಲಿದ ಹಾಗೆ ಹಳೆಯ ಕಪ್ಪು,
ಅದರ ಮೇಲೊಂದು ಪದರ ಬಣ್ಣ,
ಬಣ್ಣದ ಮೇಲೆ ಮತ್ತೆ ಕಪ್ಪು.
ಯಾರೋ ಹಿಂದೆ ಬಳಿದು ಮುಚ್ಚಿದ್ದಾರೆ.
ಯಾರು, ಯಾವಾಗ? ಬಣ್ಣಕ್ಕೆ ತಾರೀಖಿಲ್ಲ.

ಕೆಳಗೆ, ಅದೆಲಿನೊನ ಹೆಂಡತಿ ಸತ್ತ ಕೋಣೆಯಲ್ಲೂ
ಗೋಡೆಯುದ್ದಕ್ಕೆ ಅದೇ ಸಾಸಿವೆ.
ಅವನು ಅಂಗಿಯ ತೋಳು ಕೆಳಗೆಳೆದುಕೊಂಡ.

ಮನೆಯೊಡೆಯನೇ ತಿಗಣೆ ಅಂದು ಕೈತೊಳೆದುಕೊಳ್ಳಬಹುದು.
ಜಗಳಕ್ಕೆ ಅಷ್ಟು ಸಾಕು, ನನ್ನ ಕೆಲಸಕ್ಕೆ ಸಾಲದು.
ತಿಗಣೆ ಕರಾರುಪತ್ರ ಓದುವುದಿಲ್ಲ.
ಬಾಡಿಗೆ ಕೊಟ್ಟವಳ ನೆತ್ತರು, ಎಣಿಸಿಕೊಂಡವನ ನೆತ್ತರು
ಬೇರೆ ಬೇರೆ ಖಾತೆಗೆ ಬರೆಯುವುದಿಲ್ಲ.

ಫೆಬ್ರುವರಿ. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಒಳಗೆ ನನ್ನ ಯಂತ್ರಗಳು ಐವತ್ತೈದಕ್ಕೆ ಏರಿಸಿದವು
ಎರಡೂ ಮನೆ ಒಟ್ಟಿಗೆ; ಗೋಡೆ ಒಂದೇ ತಾನೆ.
ಮೇಲೆ ಮೇಣದಬತ್ತಿ ಸೊಂಟ ಮುರಿದು ಬಾಗಿತು.
ಕೆಳಗೆ ಮದುವೆಯ ಫೋಟೊ ಅಂಟು ಬಿಟ್ಟು
ಮಕಾಡೆ ಬಿತ್ತು.
ಆರು ಗಂಟೆ ಯಾರೂ ಒಳಗೆ ಕಾಲಿಡುವಂತಿಲ್ಲ.

ಅವಳ ಹಾಸಿಗೆ ಬೀದಿಯಲ್ಲಿ, ಹಿಮದ ಮೇಲೆ.
ಅದರ ಮೇಲೆ ಅವಳದೇ ದಪ್ಪ ಅಕ್ಷರ: ಮುಟ್ಟಬೇಡಿ, ತಿಗಣೆ.
ಸೋಫಾ ಬಿಟ್ಟುಹೋದವರು
ಹೀಗೇನೂ ಬರೆದಿರಲಿಲ್ಲ.

ತಾಪ ಅಳೆಯಲು ಒಳಹೊಕ್ಕಾಗ ಕಿಟಕಿಯಿಂದ ಕಂಡೆ:
ಅದೆಲಿನೊನ ಹಳೇ ವ್ಯಾನು, ಎಂಜಿನ್ ಚಾಲೂ.
ಮುಂದೆ ಅವರಿಬ್ಬರು,
ಹಿಂದೆ ಹುಡುಗ, ಸೀಟಿನ ತುಂಬ ಕೈಕಾಲು ಚೆಲ್ಲಿ
ಕೆರೆದುಕೊಳ್ಳದೆ ಮಲಗಿದ್ದ.
ಥರ್ಮಾಸಿನ ಮುಚ್ಚಳ ಅತ್ತಿಂದಿತ್ತ ಓಡಾಡುತ್ತಿತ್ತು.
ಗಾಜು ಮಬ್ಬಾಯಿತು. ಏನು ಮಾತಾಡಿಕೊಂಡರೋ.

ಐದಕ್ಕೆ ಬಿಲ್ಲು ಕೊಟ್ಟೆ. ಮತ್ತೆ ಶುರು.
"ಮೊಕ್ರಾನ್, ನೀನೇ ಬರೆ, ಯಾರು ತಂದದ್ದು?"
"ಹೌದು, ಬರೆಯಿರಿ," ಅಂದಳು ಅವಳೂ.

ನನಗೂ ಕೇಳುತ್ತಾರೆ ಈ ಊರಲ್ಲಿ,
ಬ್ಯಾಂಕಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಬಾಯಿ ತೆರೆದಿರುವಾಗ:
ಮೂಲ ಯಾವುದು?
ಹತ್ತೊಂಬತ್ತು ವರ್ಷದಿಂದ ಇದೇ ಬೀದಿ ಅಂದರೆ
ಅದಕ್ಕಿಂತ ಮುಂಚೆ, ಅನ್ನುತ್ತಾರೆ.

ಒಂಬತ್ತನೆಯ ಕಾಲಂನಲ್ಲಿ ಬರೆದೆ: ಗೋಡೆ.
ಅವಳು ಓದಿ ಸಹಿ ಹಾಕಿದಳು.
ಅವನು ಕನ್ನಡಕ ಹುಡುಕಿ, ಸಿಗದೆ, ನಾಳೆ ಅಂದ.

ಮನೆಗೆ ಬಂದು, ಕದ ಮುಟ್ಟುವ ಮೊದಲು,
ಮೆಟ್ಟಿಲ ಕೆಳಗಿನ ಕತ್ತಲಲ್ಲಿ
ಇದ್ದ ಬಟ್ಟೆಯೆಲ್ಲ ಕಳಚಿ ಚೀಲಕ್ಕೆ ತುಂಬಿದೆ.
ಎರಡು ಗಂಟು ಬಿಗಿದೆ, ದಿನವೂ ಹಾಗೆಯೇ,
ಒಳಗೆ ಮಗಳಿದ್ದಾಳೆ, ಅವಳದೂ ಬಾಡಿಗೆಯ ಮನೆಯ ಮಂಚ.
ಚಡ್ಡಿಯಲ್ಲಿ ನಡುಗುತ್ತ ಬಾಗಿಲಿಗೆ ಕೈಚಾಚಿದೆ.
ಕೀಲಿ
ಚೀಲದೊಳಗೇ ಉಳಿದಿತ್ತು.